ಐದೂ ಇಪ್ಪತ್ತರ ದೋಣಿ

"ಅದೇನದು? ಕೋಳಿ ಕೂಗಿದಂಗ ಕೇಳಿಸ್ತು?"

ಸಿದ್ದೇಶ್ವರಿ ರಿಸೀವರಿನ ಬಾಯಿಗೆ ಅಂಗೈ ಅಡ್ಡ ಹಿಡಿದಳು. ಅಂಗಡಿಯ ಹಿಂದಿನ ಸುಣ್ಣದ ಗೋಡೆಯ ಮೇಲೆ ಕೋಳಿ ನಿಂತಿತ್ತು. ಮಧ್ಯಾಹ್ನ ಒಂದು ಗಂಟೆಗೆ ಕೂಗಲು ಅದಕ್ಕೇನು ಕಾರಣವಿತ್ತೋ, ಕತ್ತು ಚಾಚಿ ಇನ್ನೊಮ್ಮೆ ಕೂಗಿತು.

"ಟೀವಿರೀ. ಟೀವಿ ಹಚ್ಚೇನಿ."

"ಹೋಟೆಲ್ ಟೀವ್ಯಾಗ ಕೋಳಿ?"

"ಒಕ್ಕಲುತನದ ಕಾರ್ಯಕ್ರಮ ಬರಾಕತ್ತೈತಿ. ಗ್ರೀಕ್ ಭಾಷಾದಾಗ."

ಅತ್ತ ಇದ್ದವನು ಗಂಡ ಕರಬಸಪ್ಪ. ನಾರ್ತ್ ಕೆರೊಲೈನಾದ ಏಪೆಕ್ಸಿನಲ್ಲಿ ಆಗ ಬೆಳಿಗ್ಗೆ ಆರು. ಅವನು ಅಡುಗೆಮನೆಯ ಕ್ಯಾಲೆಂಡರಿನ ಮುಂದೆ ನಿಂತೇ ಮಾತಾಡುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಅದರಲ್ಲಿ 1997ರ ಜೂನ್ 19ಕ್ಕೆ ಅವನೇ ಕೆಂಪು ಪೆನ್ನಿನಿಂದ ಎರಡು ಸುತ್ತು ಹಾಕಿದ್ದ. ಇವತ್ತು 18, ಬುಧವಾರ.

"ಕಾಗದ ಎಲ್ಲೈತಿ?"

"ಕೊಳ್ಳಾಗ."

"ಮುಟ್ಟಿ ನೋಡಿ ಹೇಳು."

ಕುರ್ತಾದ ಒಳಗಿನ ಬಟ್ಟೆಯ ಚೀಲವನ್ನು ಮುಟ್ಟಿ ನೋಡಿದಳು. "ಐತ್ರೀ."

"ಲಿಂಗ ಹೆಂಗ ಮೈಮ್ಯಾಲಿಂದ ತಗಿಯಂಗಿಲ್ಲೋ, ಹಂಗ ಅದನ್ನೂ ತಗೀಬ್ಯಾಡ. ನಾಳೆ ವಿಮಾನ ಹತ್ತೂ ನಲವತ್ತಕ್ಕ. ಎಂಟಕ್ಕ ಏರ್‌ಪೋರ್ಟಿನ್ಯಾಗ ಇರು. ಇವತ್ತ ರೂಮ್ ಬಿಟ್ಟು ಎಲ್ಲೂ ಹೋಗಬ್ಯಾಡ ಸಿದ್ದಿ. ಒಂದ ದಿನದ ಮಾತು."

"ಎಲ್ಲಿ ಹೋಗ್ಲಿ ನಾ?" ಎಂದಳು. "ನಮ್ಮ ಇಂದು ಎದ್ದಳೇನು? ಅಕಿಗೆ ಹಾಲು ಕುಡಿದು ಹೋಗು ಅಂತ ಹೇಳ್ರಿ."

ಫೋನ್ ಇಟ್ಟಾಗ ಅಂಗಡಿಯವನು ಮೀಟರ್ ನೋಡಿ ಚಿಲ್ಲರೆ ತೆಗೆದುಕೊಂಡ. ಅಥೆನ್ಸಿನ ಹೋಟೆಲ್ ಅಲ್ಲಿಂದ ಎರಡು ಸಮುದ್ರಯಾನ ದೂರದಲ್ಲಿತ್ತು.

ಕಾಗದದ ಹೆಸರು ಅಡ್ವಾನ್ಸ್ ಪೆರೋಲ್. ಏಪೆಕ್ಸಿನ ಪಕ್ಕದ ರಿಸರ್ಚ್ ಟ್ರಯಾಂಗಲ್‌ನ ನೀರು ಪರೀಕ್ಷಿಸುವ ಲ್ಯಾಬೊಂದರಲ್ಲಿ ಸಿದ್ದೇಶ್ವರಿಗೆ ಕೆಲಸ. ಆ ಕೆಲಸದ ಮೇಲೆ ಗ್ರೀನ್ ಕಾರ್ಡಿಗೆ ಅರ್ಜಿ ಹೋಗಿತ್ತು; ಗಂಡ, ಮಗಳ ಅರ್ಜಿಗಳು ಅವಳ ಅರ್ಜಿಗೆ ಕಟ್ಟಿಕೊಂಡಿದ್ದವು. ವೀಸಾದ ಆರು ವರ್ಷ ಏಪ್ರಿಲ್‌ನಲ್ಲೇ ಮುಗಿದಿತ್ತು. ಅರ್ಜಿ ಬಾಕಿ ಇರುವಾಗ ದೇಶ ಬಿಟ್ಟವರು ಆ ಕಾಗದದ ಅವಧಿಯೊಳಗೆ ವಾಪಸು ಬರಬೇಕು. ಒಂದು ದಿನ ತಡವಾದರೂ ಅರ್ಜಿ ಕೈಬಿಟ್ಟಂತೆ, ಮೂವರದೂ. ಷಾರ್ಲೆಟ್ಟಿನ ವಕೀಲ ಹೋಗಲೇಬೇಡಿ ಎಂದಿದ್ದ. ಆದರೆ ಲ್ಯಾಬಿಗೆ ಬಂದ ಹೊಸ ಯಂತ್ರದ ತರಬೇತಿ ಆ ವರ್ಷ ಅಥೆನ್ಸಿನಲ್ಲಿ ಮಾತ್ರ ಇತ್ತು, ಅರ್ಜಿಗೆ ಸಹಿ ಹಾಕಿದ ಕಂಪನಿಗೆ ಇಲ್ಲವೆನ್ನುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ತರಬೇತಿ ಮಂಗಳವಾರ ಮುಗಿಯಿತು. ಬುಧವಾರದ ವಿಮಾನ ಭರ್ತಿಯಾಗಿತ್ತು. ಗುರುವಾರ, ಅವಧಿಯ ಕೊನೆಯ ದಿನ, ಸೀಟು ಸಿಕ್ಕಿತು. ಬುಧವಾರ ಖಾಲಿ ಉಳಿಯಿತು.

"ಮಮ್ಮಿ, ಪೆರೋಲ್ ಈಸ್ ಫಾರ್ ಜೈಲ್ ಪೀಪಲ್, ಯು ನೋ," ಎಂದು ಹನ್ನೊಂದು ವರ್ಷದ ಇಂದು ಊಟಕ್ಕೆ ಕೂತಾಗ ಹೇಳಿದ್ದಳು. ಕರಬಸಪ್ಪ ನಕ್ಕಿರಲಿಲ್ಲ.

ಇಲ್ಲಿಗೆ ಬರಲು ಕಾರಣ ಒಂದು ಗೋಡೆಯ ಚಿತ್ರ. ರಾಲಿಯಲ್ಲಿ ಲ್ಯಾಬಿನವರು ಊಟಕ್ಕೆ ಹೋಗುವ ಡೈನರ್ ಗ್ರೀಕ್ ಮುದುಕನೊಬ್ಬನದು. ಬಾಗಿಲ ಪಕ್ಕದ ಮೇಜಿನ ಮೇಲಿನ ಗೋಡೆಯಲ್ಲಿ ಅವನ ತಾಯಿಯ ಊರನ್ನು ಬರೆಸಿದ್ದ: ನೀಲಿ ನೀರು, ಬಿಳಿ ಮನೆಗಳು, ಮೇಲೆ ಎರಡು ಗಂಟೆ ತೂಗುವ ಪುಟ್ಟ ಚರ್ಚು. ನಾಲ್ಕು ವರ್ಷ ಅದರ ಕೆಳಗೆ ಕೂತು ಸಿದ್ದೇಶ್ವರಿ ಗ್ರಿಲ್ಡ್ ಚೀಸ್ ತಿಂದಿದ್ದಳು. ಅಥೆನ್ಸಿಗೆ ಹೋಗುತ್ತೇನೆಂದಾಗ ಮುದುಕ ಬಿಲ್ಲಿನ ಹಿಂದೆ ಊರಿನ ಹೆಸರು ಬರೆದುಕೊಟ್ಟ. ಪಿರೇಯಸ್ ಬಂದರಿನಿಂದ ಹಡಗಿನಲ್ಲಿ ದೊಡ್ಡ ದ್ವೀಪಕ್ಕೆ ಒಂದೂವರೆ ಗಂಟೆ, ಅಲ್ಲಿಂದ ಕಟ್ಟಿಗೆಯ ದೋಣಿಯಲ್ಲಿ ಇಪ್ಪತ್ತೈದು ನಿಮಿಷ.

ದೋಣಿ ಇಳಿಯುವಾಗಲೇ ವಾಪಸಿನ ಲೆಕ್ಕ ಮಾಡಿಕೊಂಡಿದ್ದಳು. ಕಲ್ಲುಕಟ್ಟೆಯ ಮೇಲಿನ ಹಲಗೆಯಲ್ಲಿ ಸೀಮೆಸುಣ್ಣದಿಂದ 17:20 ಎಂದು ಬರೆದಿತ್ತು. ಅದು ದಿನದ ಕೊನೆಯ ದೋಣಿ. ಐದೂ ನಲವತ್ತೈದಕ್ಕೆ ದೊಡ್ಡ ದ್ವೀಪ, ಆರೂ ಕಾಲಿಗೆ ಪಿರೇಯಸ್‌ಗೆ ಕೊನೆಯ ಹಡಗು. ಮರುದಿನದ ಮೊದಲ ಹಡಗು ಬೆಳಿಗ್ಗೆ ಎಂಟಕ್ಕೆ. ಅದನ್ನು ಹಿಡಿದರೆ ವಿಮಾನ ಇರುವುದಿಲ್ಲ.

ಊರಿನಲ್ಲಿ ಮೂವತ್ತೊಂದು ಮನೆ ಇದ್ದವು. ಎಣಿಸಿದಳು. ಚರ್ಚಿನ ಮೆಟ್ಟಿಲು ಹತ್ತಿ ನೋಡಿದರೆ ಗಂಟೆ ಒಂದೇ. ಎರಡನೆಯದು ತೂಗಬೇಕಾದ ಕಮಾನಿನಲ್ಲಿ ಪಾರಿವಾಳ ಗೂಡು ಕಟ್ಟಿತ್ತು. ಡೈನರಿನ ಚಿತ್ರಗಾರ ಇಲ್ಲಿಗೆ ಬಂದೇ ಇರಲಿಲ್ಲ ಎಂದುಕೊಂಡಳು. ಆ ತಪ್ಪು ಹಿಡಿದದ್ದು ಅವಳಿಗೆ ಎಲ್ಲಿಲ್ಲದ ಖುಷಿ ಕೊಟ್ಟಿತು. ಚಪ್ಪಲಿ ಕೈಯಲ್ಲಿ ಹಿಡಿದು, ಸಲ್ವಾರ್ ಮಡಚಿ, ಮೊಣಕಾಲಿನವರೆಗೆ ನೀರಿನಲ್ಲಿ ನಿಂತಳು. ಪಾದದ ಸುತ್ತ ಬೆರಳಷ್ಟುದ್ದದ ಮೀನುಗಳು ಬಂದು ಹೋದವು. ಯಾರೂ ಅವಳನ್ನು ಏನೂ ಕೇಳಲಿಲ್ಲ. ಮದುವೆಯಾದ ಹದಿನಾಲ್ಕು ವರ್ಷಗಳಲ್ಲಿ ಹೀಗೆ ಒಂದು ಇಡೀ ದಿನ ಯಾರಿಗೂ ಬಡಿಸದೆ, ಯಾರನ್ನೂ ಎಬ್ಬಿಸದೆ ಕಳೆದದ್ದು ನೆನಪಿಗೆ ಬರಲಿಲ್ಲ. ಆದರೂ ಕಾಲು ಗಂಟೆಗೊಮ್ಮೆ ಕೈ ತಾನಾಗಿಯೇ ಎದೆಯ ಚೀಲಕ್ಕೆ ಹೋಗುತ್ತಿತ್ತು, ಕಣ್ಣು ಗಡಿಯಾರಕ್ಕೆ.

ಕೋಳಿ ಕೂಗಿದ್ದ ಅಂಗಡಿಯಲ್ಲೇ ಊಟ. ಬೇಯಿಸಿದ ಸೊಪ್ಪು, ಮೇಲೆ ಎಣ್ಣೆ, ನಿಂಬೆಹಣ್ಣು, ಬ್ರೆಡ್ಡು. ಸೊಪ್ಪಿಗೆ ಒಂದು ಬೆಳ್ಳುಳ್ಳಿ ಒಗ್ಗರಣೆ ಬಿದ್ದಿದ್ದರೆ ಊರಿನದೇ ಪಲ್ಯ. ಮಗಳಿಗೆಂದು ಒಂದು ಹಿಡಿ ಉಪ್ಪು ಹಾಕಿದ ಆಲಿವ್ ಕಾಯಿ ಕೊಂಡಳು. ಅಂಗಡಿಯವನು ಅದನ್ನು ವೃತ್ತಪತ್ರಿಕೆಯ ಚೂರಿನಲ್ಲಿ ಸುತ್ತಿ ಕೊಟ್ಟ. ಎಣ್ಣೆ ಸೋರುತ್ತಿತ್ತು.

"ಬ್ಯಾಗ್? ಪ್ಲಾಸ್ಟಿಕ್?" ಎಂದು ಕೇಳಿದಳು.

ಅವನು ಗದ್ದ ಮೇಲೆತ್ತಿ ನಾಲಿಗೆಯಿಂದ "ಚ್" ಎಂದ.

ಸಿದ್ದೇಶ್ವರಿಗೆ ನಗು ಬಂತು. ಮಹಾಲಿಂಗಪುರದಲ್ಲಿ ಅವಳ ಅವ್ವ ಶಾಂತವ್ವ ಜೀವಮಾನದಲ್ಲಿ ಇಲ್ಲ ಎಂಬ ಮಾತು ಆಡಿದವಳಲ್ಲ. ಸಕ್ಕರೆ ಕೇಳಿದರೆ "ಚ್", ಮಗಳನ್ನು ಸಿನಿಮಾಕ್ಕೆ ಕಳಿಸುತ್ತೀಯಾ ಎಂದರೆ "ಚ್", ಇದೇ ಗದ್ದ, ಇದೇ ಹುಬ್ಬು. ಏಪೆಕ್ಸಿನಲ್ಲಿ ಹಾಗೆ ಮಾಡಿದರೆ ಬೇಸರ ಪಟ್ಟುಕೊಂಡರೇನೋ ಎಂದು ಜನ ಕೇಳುತ್ತಾರೆ. ಇಲ್ಲಿ ಅದು ಸರಿಯಾಗಿ ಅದೇ ಅರ್ಥಕ್ಕೆ ಚಲಾವಣೆಯಲ್ಲಿತ್ತು. ಈ ಊರಿನ ಮಾತು ತನಗೆ ತಿಳಿಯುತ್ತದೆ ಅನ್ನಿಸಿತು.

ಕೊರಳ ಚೀಲದಿಂದ ಕಾಗದ ಹೊರತೆಗೆದಳು. ಕರಬಸಪ್ಪ ಅದನ್ನು ಜಿಪ್‌ಲಾಕ್ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಚೀಲದ ಮೇಲೆ ಮಾರ್ಕರಿನಿಂದ 'ಸಿದ್ದಿ – ತೆಗೆಯಬಾರದು' ಎಂದು ಬರೆದಿದ್ದ. ಕಾಗದ ಬಟ್ಟೆಯ ಚೀಲಕ್ಕೆ ಹೋಯಿತು, ಆಲಿವ್ ಜಿಪ್‌ಲಾಕ್‌ಗೆ. ಹೋಟೆಲಿಗೆ ಹೋದ ಮೇಲೆ ಬದಲಾಯಿಸಿದರಾಯಿತು.

ದಂಡೆಯ ಗಿಡವೊಂದರ ನೆರಳಲ್ಲಿ ಕಪ್ಪು ಬಟ್ಟೆಯ ಮುದುಕಿಯೊಬ್ಬಳು ಕುರ್ಚಿ ಹಾಕಿಕೊಂಡು ಕೂತಿದ್ದಳು. ಮಡಿಲಲ್ಲಿ ಮೀನಿನ ತಲೆಗಳಿದ್ದ ತಟ್ಟೆ. "ಎಲಾ, ಎಲಾ!" ಎಂದಳು. ಗೋಡೆಯ ಮೇಲಿಂದ, ಬಲೆಯ ರಾಶಿಯಿಂದ ಏಳೆಂಟು ಬೆಕ್ಕುಗಳು ಹಾರಿ ಬಂದವು. ಸಿದ್ದೇಶ್ವರಿಯ ಕಿವಿಗೆ ಅದು "ಇಲ್ಲ, ಇಲ್ಲ" ಎಂದೇ ಕೇಳಿಸಿತು. ಮುದುಕಿ ಇಲ್ಲ ಎಂದಷ್ಟೂ ಬೆಕ್ಕುಗಳು ಮೇಲೆ ಬೀಳುತ್ತಿದ್ದವು.

"ಮಾತು ಕೇಳಂಗಿಲ್ಲ ಅಲ್ಲೇನ್ರೀ ಅಮ್ಮಾರ?" ಎಂದಳು ಕನ್ನಡದಲ್ಲೇ. ಮುದುಕಿ ಗ್ರೀಕಿನಲ್ಲಿ ಉದ್ದನೆಯ ಉತ್ತರ ಕೊಟ್ಟು, ಪಕ್ಕದ ನೆರಳನ್ನು ತೋರಿಸಿದಳು. ಸಿದ್ದೇಶ್ವರಿ ಅಲ್ಲಿ ಕೂತಳು. ಗಿಡದ ಬೊಡ್ಡೆಗೆ ಒರಗಿದಳು. ಎರಡೂ ಹತ್ತಾಗಿತ್ತು.

ಎಚ್ಚರವಾದಾಗ ಮುಖದ ಮೇಲೆ ಮರಳು ಬಿದ್ದಿತ್ತು. ಗಡಿಯಾರ ನಾಲ್ಕೂ ಐವತ್ತೈದು ತೋರಿಸುತ್ತಿತ್ತು. ದಡಬಡಿಸಿ ಎದ್ದು ನಿಂತಳು. ಆಮೇಲೆ ಲೆಕ್ಕ ಮಾಡಿದಳು, ಇನ್ನೂ ಇಪ್ಪತ್ತೈದು ನಿಮಿಷ. ಚೀಲ ಮುಟ್ಟಿದಳು, ಇತ್ತು. ಆದರೆ ಬೆಳಗಿನ ಸಮುದ್ರ ಇದಾಗಿರಲಿಲ್ಲ. ಊರಿನ ಹಿಂದಿನ ಗುಡ್ಡದ ಕಡೆಯಿಂದ, ಉತ್ತರದಿಂದ, ಗಾಳಿ ಬೀಸುತ್ತಿತ್ತು. ಕೊಲ್ಲಿಯ ಹೊರಗೆ ನೀರು ಬಿಳಿಯಾಗಿ ಒಡೆಯುತ್ತಿತ್ತು. ಅಂಗಡಿಯವನು ಮೇಜಿನ ಬಟ್ಟೆಗಳನ್ನು ಮಡಚುತ್ತಿದ್ದ.

ಐದೂ ಎಂಟಕ್ಕೆ ಕಲ್ಲುಕಟ್ಟೆ ತಲುಪಿದಳು. ಬೆಳಿಗ್ಗೆ ದೋಣಿ ನಿಂತಿದ್ದ ಮಗ್ಗುಲು ಖಾಲಿ. ಇನ್ನೊಂದು ಮಗ್ಗುಲಲ್ಲಿ, ಗಾಳಿಯ ಮರೆಯಲ್ಲಿ, ಕಟ್ಟಿಗೆಯ ದೋಣಿಯೊಂದು ಎಂಜಿನ್ ಚಾಲೂ ಮಾಡಿಕೊಂಡು ಏರಿಳಿಯುತ್ತಿತ್ತು. ಒಳಗೆ ಒಬ್ಬ ಪಾದ್ರಿ, ಟೊಮೆಟೊ ಕ್ರೇಟು ಹಿಡಿದ ಒಬ್ಬ ಹೆಂಗಸು. ಮಳೆಯಂಗಿ ತೊಟ್ಟ, ತಲೆಗೆ ಮುಸುಕು ಹಾಕಿದ ಒಬ್ಬ ಎರಡೂ ಕೈಯಿಂದ ಹಗ್ಗ ಜಗ್ಗಿ ಹಿಡಿದಿದ್ದ. ಬೆಳಗಿನ ದೋಣಿಯವನೇ ಇರಬಹುದೆ? ಬೆಳಗಿನವನು ತೋಳಿಲ್ಲದ ಬನಿಯನ್ನಿನಲ್ಲಿದ್ದ.

"ಪಿರೇಯಸ್?" ಎಂದು ಕೂಗಿದಳು. "ಪಿರೇಯಸ್ ಶಿಪ್?"

"ನೇ, ನೇ!" ಎಂದ ಅವನು. 'ನೋ' ಎಂದಂತೆ ಕೇಳಿಸಿ ಅವಳು ನಿಂತಳು. "ಎಲಾ! ಎಲಾ!"

ಎಂಜಿನ್ನಿನ ಸದ್ದಿನ ನಡುವೆ ಆ ಮಾತು ಸ್ಪಷ್ಟವಾಗಿ ಕೇಳಿಸಿತು. ಇಲ್ಲ. ಇಲ್ಲ.

"ನಾಟ್ ದಿಸ್ ಬೋಟ್?"

"ಎಲಾ, ಮೇಡಂ, ಎಲಾ!" ಅವನ ಮುಖ ಕೆಂಪಾಗಿತ್ತು. ಗದರಿಸುತ್ತಿದ್ದಾನೆ ಅನ್ನಿಸಿತು. ಇದು ಪ್ರಯಾಣಿಕರ ದೋಣಿಯಲ್ಲ, ಪಾದ್ರಿಯನ್ನು ಎಲ್ಲಿಗೋ ಕರೆದೊಯ್ಯುತ್ತಿರಬೇಕು. ಬೇರೆಯವರ ದೋಣಿಗೆ ಹತ್ತಲು ಬಂದವಳಂತೆ ಅವಳಿಗೆ ನಾಚಿಕೆಯಾಯಿತು. ಆಯಿತು, ತಿಳಿಯಿತು ಎಂದು ತಲೆಯಾಡಿಸಿ, ಕೈ ಬೀಸಿ, ಗಡಿಯಾರ ತೋರಿಸಿ, ಎರಡು ಹೆಜ್ಜೆ ಹಿಂದೆ ಸರಿದಳು. ಇನ್ನೂ ಹನ್ನೆರಡು ನಿಮಿಷವಿದೆ. ತನ್ನ ದೋಣಿ ಬರುತ್ತದೆ.

ಅವನು ಪಾದ್ರಿಯ ಕಡೆ ತಿರುಗಿ ಏನೋ ಅಂದ. ಪಾದ್ರಿ ಭುಜ ಹಾರಿಸಿದ. ಹಗ್ಗ ಬಿಚ್ಚಿಕೊಂಡಿತು.

ದೋಣಿ ಹೊರಟ ಮೇಲೆ ಕಟ್ಟೆಯಲ್ಲಿ ಗಾಳಿಯ ಸದ್ದು ಮಾತ್ರ ಉಳಿಯಿತು. ಸಿದ್ದೇಶ್ವರಿ ಹಲಗೆಯ ಹತ್ತಿರ ಹೋದಳು. 17:20 ಅಳಿಸಿತ್ತು. ಅದರ ಮೇಲೆ ಅವಸರದಲ್ಲಿ 17:10 ಎಂದು ಬರೆದಿತ್ತು. ಕೊಲ್ಲಿಯ ಬಾಯಿಯವರೆಗೆ ನೋಡಿದಳು. ಬೇರೆ ಯಾವ ದೋಣಿಯೂ ಬರುತ್ತಿರಲಿಲ್ಲ. ಯಾರೋ ತಿದ್ದಿದ್ದು ಬೇರೆ ದಿನಕ್ಕಿರಬೇಕು ಎಂದುಕೊಳ್ಳಲು ನೋಡಿದಳು. ಕಾಲ ಬುಡದಲ್ಲಿ ಕೆಂಚು ಬೆಕ್ಕೊಂದು ಕೂತು ಮೈ ನೆಕ್ಕಿಕೊಳ್ಳುತ್ತಿತ್ತು.

"ಎಲಾ!" ಎಂದು ದಂಡೆಯಿಂದ ಮುದುಕಿ ಕೂಗಿದಳು. "ಎಲಾ, ಎಲಾ!"

ಬೆಕ್ಕು ನೆಕ್ಕುವುದನ್ನು ಬಿಟ್ಟು ತಲೆಯೆತ್ತಿತು. ಎದ್ದು, ಬಾಲ ನೆಟ್ಟಗೆ ಮಾಡಿ, ಕಟ್ಟೆಯುದ್ದಕ್ಕೂ ಓಡಿ ಮುದುಕಿಯ ಹತ್ತಿರ ಹೋಯಿತು.

ಸಿದ್ದೇಶ್ವರಿ ಬೆಕ್ಕನ್ನು ನೋಡಿದಳು. ಮುದುಕಿಯ ಕೈ ನೋಡಿದಳು. ಆ ಕೈ ಬೆಕ್ಕನ್ನು ಬಾ ಎನ್ನುತ್ತಿತ್ತು.

ಓಡಿದಳು. ಕಟ್ಟೆಯ ತುದಿಯಲ್ಲಿ ಅಲೆ ಒಡೆದು ಮೇಲೆ ಹಾರುತ್ತಿತ್ತು. ದೋಣಿ ನೂರೈವತ್ತು ಗಜ ದೂರ ಹೋಗಿತ್ತು. ಅದರ ಹಿಂಭಾಗವಷ್ಟೇ ಕಾಣುತ್ತಿತ್ತು, ಮುಸುಕಿನವನ ಬೆನ್ನು.

"ಹಲೋ! ಸ್ಟಾಪ್!" ಬೆನ್ನು ಅಲುಗಲಿಲ್ಲ. "ಏ ಅಣ್ಣಾ! ನಿಲ್ಲೋ!" ಅಲುಗಲಿಲ್ಲ.

ಉಸಿರು ತೆಗೆದುಕೊಂಡಳು. "ಎಲಾ!" ಎಂದಳು. ದನಿ ಸಣ್ಣದಾಗಿ ಬಂತು. ಮಹಾಲಿಂಗಪುರದ ಮಾಳಿಗೆಯ ಮೇಲಿಂದ ಹೊಲದಲ್ಲಿದ್ದ ಅಪ್ಪನನ್ನು ಊಟಕ್ಕೆ ಕರೆಯುತ್ತಿದ್ದ ಹಾಗೆ, ಎರಡೂ ಅಂಗೈ ಬಾಯಿಗೆ ಹಿಡಿದು, ಕೊನೆಯ ಅಕ್ಷರ ಎಳೆದು ಕೂಗಿದಳು. "ಎಲಾಽಽಽ! ಎಲಾಽಽಽ!" ಹಿಂದಿನಿಂದ ಮುದುಕಿಯೂ ಕೂಗತೊಡಗಿದಳು. ಗಾಳಿ ಊರಿನಿಂದ ದೋಣಿಯ ಕಡೆಗೇ ಬೀಸುತ್ತಿತ್ತು. ಟೊಮೆಟೊ ಹೆಂಗಸು ಮೊದಲು ತಿರುಗಿದಳು. ಮುಸುಕಿನವನ ತೋಳು ಹಿಡಿದು ಜಗ್ಗಿದಳು.

ದೋಣಿಯ ಹಿಂಭಾಗ ಸರಿಯಿತು. ಪಕ್ಕ ಕಂಡಿತು. ಆಮೇಲೆ ಮೂತಿ.

ಅವನು ಕಟ್ಟೆಗೆ ತಾಗಿಸಲಿಲ್ಲ, ತಾಗಿಸಿದರೆ ಒಡೆಯುತ್ತಿತ್ತು. ಒಂದು ಗಜ ಬಿಟ್ಟು ಹಿಡಿದು, ಮುಸುಕು ಹಿಂದೆ ಸರಿಸಿದ. ಬೆಳಗಿನವನೇ. "ಎಲಾ!" ಎಂದು ತೋಳು ಚಾಚಿದ. ಅವಳು ಹಾರಿದಳು. ಒಂದು ಕಾಲು ದೋಣಿಯೊಳಗೆ ಬಿತ್ತು, ಇನ್ನೊಂದು ನೀರಿಗೆ. ಅಲೆ ಎದೆಯವರೆಗೆ ಬಂದು ಹೋಯಿತು. ಪಾದ್ರಿಯೂ ದೋಣಿಯವನೂ ಕಂಕುಳಿಗೆ ಕೈ ಹಾಕಿ ಎಳೆದುಕೊಂಡರು. ದೊಡ್ಡ ದ್ವೀಪ ಬರುವವರೆಗೆ ಅವನು ಗ್ರೀಕಿನಲ್ಲಿ ಬಯ್ಯುತ್ತಲೇ ಇದ್ದ. ಅವಳು ಪ್ರತಿ ಮಾತಿಗೂ "ನೇ, ನೇ" ಎಂದಳು. ಅದರ ಅರ್ಥ ಹೌದು ಎಂದು ಅಷ್ಟರಲ್ಲಿ ಗೊತ್ತಾಗಿತ್ತು. ಟೊಮೆಟೊ ಹೆಂಗಸು ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಹಡಗಿನ ಬೆಂಚಿನ ಮೇಲೆ ಕೂತು ಕೊರಳ ಚೀಲ ಬಿಚ್ಚಿದಳು. ಕಾಗದ ತೊಯ್ದು ನಾಲ್ಕು ಮಡಿಕೆಯೂ ಅಂಟಿಕೊಂಡಿತ್ತು. ಉಗುರಿನಿಂದ ಬಿಡಿಸಿದಳು. ಫೋಟೊ ಉಳಿದಿತ್ತು. ಅವಧಿಯ ಮೊಹರಿನ ಶಾಯಿ ಹರಡಿ 19ರ ಒಂಬತ್ತು ಬಾಲ ಕಳೆದುಕೊಂಡಿತ್ತು. ಒಂಬತ್ತೆಂದರೆ ಒಂಬತ್ತು, ಸೊನ್ನೆಯೆಂದರೆ ಸೊನ್ನೆ. ಪಿರೇಯಸ್ ಬರುವವರೆಗೆ ಅದನ್ನು ತೊಡೆಯ ಮೇಲೆ ಹರವಿ, ಗಾಳಿಗೆ ಹಾರದಂತೆ ಎರಡೂ ಅಂಗೈ ಒತ್ತಿ ಕೂತಿದ್ದಳು. ಜಿಪ್‌ಲಾಕ್‌ನಲ್ಲಿ ಆಲಿವ್ ಕಾಯಿ ಚೂರೂ ತೊಯ್ಯದೆ ಇದ್ದವು.

ಮರುದಿನ ನ್ಯೂಯಾರ್ಕಿನ ಅಧಿಕಾರಿ ಕಾಗದವನ್ನು ದೀಪಕ್ಕೆ ಹಿಡಿದ. "ಇದು ಹತ್ತೋ ಹತ್ತೊಂಬತ್ತೋ?"

"ಹತ್ತೊಂಬತ್ತು."

"ನೀರಿಗೆ ಬಿದ್ದಿತ್ತೆ?"

"ಹೌದು," ಎಂದಳು. "ನಾನೂ ಬಿದ್ದೆ."

ಅವನು ನಗಲಿಲ್ಲ. ಒಳಗಿನ ಕೋಣೆಯಲ್ಲಿ ಕೂರಿಸಿದರು. ಗೋಡೆಯ ಗಡಿಯಾರದ ಪ್ರಕಾರ ಒಂದು ಗಂಟೆ ನಲವತ್ತು ನಿಮಿಷ ಕಾದಳು. ಎಲ್ಲಿಗೋ ಫೋನ್ ಮಾಡಿದರು, ಎಲ್ಲಿಂದಲೋ ಫ್ಯಾಕ್ಸ್ ಬಂತು. ಕಾಗದದ ಮೇಲೆ ಹೊಸ ಮೊಹರು ಬಿತ್ತು: ಜೂನ್ 19. ಈ ಒಂಬತ್ತಿಗೆ ಬಾಲ ಇತ್ತು.

ಶುಕ್ರವಾರ ಬೆಳಿಗ್ಗೆ ಏಪೆಕ್ಸಿನ ಅಡುಗೆಮನೆಯಲ್ಲಿ ಕರಬಸಪ್ಪ ವಕೀಲನಿಗೆ ನಕಲು ಕಳಿಸಲು ಕಾಗದ ಕೇಳಿದ. ಅವಳು ಕೊಟ್ಟು ಚಹಾ ಸೋಸಲು ತಿರುಗಿದಳು. ಬೆನ್ನ ಹಿಂದೆ ಅದು ಗರಗರ ಎಂದು ಬಿಚ್ಚಿಕೊಳ್ಳುವ ಸದ್ದು ಕೇಳಿಸಿತು. ಕಾಗದ ಹಪ್ಪಳದಂತೆ ಬಿರುಸಾಗಿತ್ತು. ಅಂಚಿನುದ್ದಕ್ಕೂ ಬಿಳಿಯ ಗೆರೆಯೊಂದು ಡೊಂಕಾಗಿ ಹೋಗಿತ್ತು.

"ಮಮ್ಮಿ, ದೀಸ್ ಆರ್ ಸೋ ಗುಡ್," ಎಂದಳು ಇಂದು. ಮೇಜಿನ ಮೇಲೆ ಆಲಿವ್ ಚೀಲ ತೆರೆದಿತ್ತು. ಚೀಲದ ಮೇಲಿನ ಬರಹ ಅವಳ ಅಪ್ಪನ ಕಡೆ ಮುಖ ಮಾಡಿತ್ತು.

ಕರಬಸಪ್ಪ ಬರಹ ಓದಿದ. ಬಿಳಿ ಗೆರೆಯ ಮೇಲೆ ಬೆರಳಾಡಿಸಿ, ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಂಡ. ಸಿದ್ದೇಶ್ವರಿ ಸೋಸುವುದನ್ನು ನಿಲ್ಲಿಸಿದಳು. ಬಸ್ಸಿಗೆ ಹೊತ್ತಾಯಿತೆಂದು ಇಂದು ಇನ್ನೆರಡು ಕಾಯಿ ಬಾಯಿಗೆ ಹಾಕಿಕೊಂಡು ಹೊರಗೆ ಓಡಿದಳು.

"ಕೋಳಿ ದೊಡ್ಡದಿತ್ತೇನು?" ಎಂದು ಅವನು ಕೇಳಿದ.

"ಹ್ಞೂಂ," ಎಂದಳು. "ಕೆಂಪಂದು. ಗ್ವಾಡಿ ಮ್ಯಾಲ ನಿಂತಿತ್ತು."

ಅವನು ಒಂದು ಆಲಿವ್ ತೆಗೆದುಕೊಂಡ. ತುಸು ಹೊತ್ತು ಅಗಿದು, ಬೀಜವನ್ನು ಬಸಿಯ ಅಂಚಿಗೆ ಇಟ್ಟ. ಆಮೇಲೆ ಕಾಗದವನ್ನು ಮಡಚದೆ ಮೇಜಿನ ಮೇಲೆ ಚಪ್ಪಟೆಯಾಗಿ ಹರವಿ, ಫೋನಿನ ಕೆಳಗಿದ್ದ ದಪ್ಪ ಡೈರೆಕ್ಟರಿಯನ್ನು ತಂದು ಅದರ ಮೇಲೆ ನಿಧಾನವಾಗಿ ಇಟ್ಟ.